ಒಳಪೊರೆ

ತನಗೆ ಸಂತೋಷವಾಗಿದೆ ಎಂಬುದು ಅವನಿಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ, ಎರಡನೆಯ ಬನ್ನು ಕೇಳಿದ ಮೇಲೆ. ಕೌಂಟರಿನವನು "ಏನ್ ಡಾಕ್ಟ್ರೇ, ಇವತ್ತು ಹಸಿವು ಜೋರಾ?" ಎಂದಾಗ ಕದಿಯುವಾಗ ಸಿಕ್ಕಿಬಿದ್ದವನಂತೆ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಹಸಿವೇನೋ ಇತ್ತು. ಬೆಳಗಿನಿಂದ ಆಪರೇಷನ್ ಥಿಯೇಟರಿನಲ್ಲಿ ನಿಂತ ಕಾಲಲ್ಲೇ ನಿಂತವನಿಗೆ ಹಸಿವಾಗದೆ ಇನ್ನೇನಾಗಬೇಕು? ಆದರೆ ಆ ಹಸಿವಿನ ಅಡಿಯಲ್ಲಿ ಇನ್ನೊಂದೇನೋ ಹೊಟ್ಟೆತುಂಬಿದ ಬೆಕ್ಕಿನ ಹಾಗೆ ಬೆಚ್ಚಗೆ ಸುತ್ತಿಕೊಂಡು ಮಲಗಿತ್ತು. ಅದನ್ನು ಎಬ್ಬಿಸಿ ಮುಖ ನೋಡುವುದು ಅವನಿಗೆ ಬೇಕಿರಲಿಲ್ಲ. ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತ. ಗೋಡೆಯ ಬಣ್ಣ ಹಪ್ಪಳ ಎದ್ದಿತ್ತು. ಉಗುರಿನಿಂದ ಒಂದು ಚೂರು ಕೆರೆದ. ಅಂಗೈ ಅಗಲದಷ್ಟು ಬಣ್ಣ ಸದ್ದಿಲ್ಲದೆ ಕಳಚಿ ತಟ್ಟೆಯ ಪಕ್ಕ ಬಿತ್ತು. ಒಳಗಿನ ಸಿಮೆಂಟು ಒರಟಾಗಿ, ಏನು ತಾಗಿದರೂ ಹಿಡಿದುಕೊಳ್ಳುವ ಹಾಗೆ ಕಾಣುತ್ತಿತ್ತು. ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿ, ಚೂರನ್ನು ಮೇಜಿನ ಕೆಳಗೆ ತಳ್ಳಿ, ಬನ್ನು ಮುರಿದ.

ಆಸ್ಪತ್ರೆಯಲ್ಲಿ ಅವನಿಗೆ ಕಾಲು ಡಾಕ್ಟ್ರು ಎಂದೇ ಹೆಸರು. ಮೂಳೆಯ ವಿಭಾಗದವನಲ್ಲ, ಹೃದಯದ ವಿಭಾಗದವನೇ. ಹೃದಯಕ್ಕೆ ರಕ್ತ ತರುವ ನಾಳ ಕಟ್ಟಿಕೊಂಡವರ ಎದೆ ತೆರೆದು ದೊಡ್ಡ ಸರ್ಜನ್ ಹೊಸ ದಾರಿ ಜೋಡಿಸುವಾಗ, ಆ ದಾರಿಗೆ ಬೇಕಾದ ನಾಳವನ್ನು—ಥಿಯೇಟರಿನ ಮಾತಿನಲ್ಲಿ ‘ವೇನು’— ರೋಗಿಯ ಕಾಲಿನಿಂದಲೇ ಬಿಡಿಸಿ, ಕವಲುಗಳನ್ನು ಕಟ್ಟಿ, ಎಲ್ಲಿಯೂ ಸೋರದಂತೆ ಪರೀಕ್ಷಿಸಿ, ಬಟ್ಟಲಲ್ಲಿಟ್ಟು ಕೊಡುವುದು ಅವನ ಕೆಲಸ. ಕೊಟ್ಟಮೇಲೆ ಕಾಲು ಹೊಲಿಯುವುದು. ಮೇಲೆ ಹೃದಯ ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ, ಎಲ್ಲರೂ ಉಸಿರು ಬಿಡುತ್ತಾರೆ. ಕೆಳಗೆ ಅವನು ಮೊಣಕಾಲಿನ ಹತ್ತಿರ ದಾರ ಎಳೆಯುತ್ತಿರುತ್ತಾನೆ. ದೊಡ್ಡವರು—ದೊಡ್ಡ ಸರ್ಜನ್ನನ್ನು ಎಲ್ಲರೂ ಕರೆಯುವುದೇ ಹಾಗೆ—ಅವನಿಗಿಂತ ವಯಸ್ಸಿನಲ್ಲಿ ಚಿಕ್ಕವರು. ಮನೆಯಲ್ಲಿ ಎಲ್ಲರೂ ಸೇರಿದ್ದ ಒಂದು ಊಟದಲ್ಲಿ ಬಾಮೈದ ಕೇಳಿದ್ದ: "ನಮ್ಮೆಜಮಾನ್ರು ಹಾರ್ಟ್ ಡಾಕ್ಟ್ರು ಅಂತ ಅಕ್ಕ ಹೇಳ್ಕೊಂಡು ತಿರುಗ್ತಾಳೆ. ಒಂದ್ಸಲನಾದ್ರೂ ಹಾರ್ಟ್ ಮುಟ್ಟಿದ್ದೀರಾ ಭಾವ?" ಅವನು ಅನ್ನ ನುಂಗಿ ಏನೋ ಹೇಳಹೊರಟಾಗ ಬಾಮೈದನೇ ಮುಂದುವರಿಸಿದ್ದ: "ಎಲ್ಲರೂ ಮೇಲೆ ಬರೋಕೆ ಕಾಲು ಹಿಡೀತಾರೆ. ನೀವು ಹಿಡಿದೂ ಹಿಡಿದೂ ಅಲ್ಲೇ ಇದ್ದೀರಲ್ಲ!" ಮನೆಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಪಟ್ಟು ಜಾಸ್ತಿ. ಹೆಂಡತಿ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಒಳಗೆ ಹೋದಳು. ಒಳಗಿನಿಂದ ಅವಳ ನಗು ಕೇಳಿಸಿತು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ಅವನಿಗೆ ಅದನ್ನು ಕ್ಷಮಿಸಲು ಆಗಲಿಲ್ಲ.

ಇವತ್ತು ಬೆಳಿಗ್ಗೆ ಕೈ ತೊಳೆಯುವ ಕಡೆ ದೊಡ್ಡವರು ಅವನ ಪಕ್ಕದ ನಲ್ಲಿಗೇ ಬಂದು ನಿಂತಿದ್ದರು. ಹಾಗೆ ನಿಲ್ಲುವವರಲ್ಲ. ಮೊಣಕೈವರೆಗೆ ನೊರೆ ಮಾಡಿಕೊಳ್ಳುತ್ತ, "ಆ ಹುಡುಗಿಗೆ ಒಳ್ಳೇ ಟ್ರೈನಿಂಗ್ ಕೊಟ್ಟಿದ್ದೀಯಯ್ಯಾ" ಎಂದರು. ಅವನ ಎದೆ ಅರಳಿತು. ಹೊಗಳಿಕೆಗೆ ಅವನು ಇಷ್ಟು ಅಗ್ಗ ಎಂಬುದು ಅವನಿಗೇ ನಾಚಿಕೆ ತರುತ್ತಿತ್ತು. "ಎಲ್ಲ ನಿಮ್ಮ..." ಎಂದು ಶುರುಮಾಡಿದ. "ಬರೋ ತಿಂಗಳಿಂದ ಅವಳು ಮೇಲೆ ಬರಲಿ, ಎದೆ ಹತ್ರ. ಒಳ್ಳೇ ಕೈ. ನೀನು ಇನ್ಯಾರನ್ನಾದ್ರೂ ರೆಡಿ ಮಾಡ್ಕೋ, ಆಯ್ತಾ?" ಅಷ್ಟು ಹೇಳಿ ದೊಡ್ಡವರು ಮೊಣಕಾಲಿನಿಂದ ಕೆಳಗಿನ ಹಿಡಿ ಒತ್ತಿ ನೀರು ನಿಲ್ಲಿಸಿ, ಎರಡೂ ಕೈ ಮೇಲೆತ್ತಿಕೊಂಡು ಬೆನ್ನಿನಿಂದ ಬಾಗಿಲು ದೂಡಿ ಒಳಗೆ ಹೋದರು. ಅವನ ನಲ್ಲಿ ಹರಿಯುತ್ತಲೇ ಇತ್ತು. ಆಯ್ತು ಸರ್ ಎಂದನೋ ಇಲ್ಲವೋ ಅವನಿಗೇ ನೆನಪಿಲ್ಲ. ಅಂದಿರಲೇಬೇಕು. ಅವನು ಯಾವಾಗಲೂ ಅನ್ನುತ್ತಿದ್ದ.

ಹುಡುಗಿ ಎಂದರೆ ಅವನ ಕೈಕೆಳಗಿನ ಕಿರಿಯ ಡಾಕ್ಟರು. ಚಪ್ಪಲಿ ಬಿಡುವಾಗ ಅವನದನ್ನೂ ಜೋಡಿಸಿಡುವಂಥವಳು. ಅವಳಿಗೆ ಅವನು ಎಲ್ಲವನ್ನೂ ಕಲಿಸಿದ್ದ: ಪಾದದ ಗಂಟಿನ ಹತ್ತಿರ ನಾಳ ಎಲ್ಲಿ ಸಿಗುತ್ತದೆ, ಚರ್ಮವನ್ನು ಎಷ್ಟು ಆಳಕ್ಕೆ ಬಿಡಿಸಬೇಕು, ಕವಲನ್ನು ಎಷ್ಟು ದೂರದಲ್ಲಿ ಕಟ್ಟಬೇಕು, ಎಲ್ಲ. ಒಂದನ್ನು ಬಿಟ್ಟು. ಆ ಒಂದು ಅವನು ಹಿಂದೊಮ್ಮೆ ಯಾವುದೋ ಸಮ್ಮೇಳನದಲ್ಲಿ, ಊಟದ ನಂತರ ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿನಲ್ಲಿ, ಯಾರೂ ಕೇಳಿಸಿಕೊಳ್ಳದ ಒಂದು ಭಾಷಣದಿಂದ ಎತ್ತಿಕೊಂಡು ಬಂದದ್ದು. ಪರದೆಯ ಮೇಲೆ ರಕ್ತನಾಳದ ಒಳಗಿನ ಚಿತ್ರ ಹಾಕಿದ್ದರು. ನಾಳದ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪೊರೆ, ಮೊಟ್ಟೆಯ ಚಿಪ್ಪಿನ ಒಳಗಿರುತ್ತದಲ್ಲ, ಅದಕ್ಕಿಂತ ಎಷ್ಟೋ ಪಾಲು ತೆಳು. ಅದು ಇರುವವರೆಗೆ ರಕ್ತ ಹರಿಯುತ್ತದೆ. ಎಲ್ಲಿ ಹಿಗ್ಗಬೇಕು, ಎಲ್ಲಿ ಕುಗ್ಗಬೇಕು ಎಂದು ನಾಳಕ್ಕೆ ಹೇಳುವುದು ಅದೇ; ರಕ್ತ ಗೋಡೆಗೆ ಅಂಟದಂತೆ ಕಾಯುವುದೂ ಅದೇ. ಅದು ಹೋದ ಜಾಗದಲ್ಲಿ ರಕ್ತಕ್ಕೆ ಗೋಡೆ ಗಾಯವಾಗಿ ಕಾಣುತ್ತದೆ, ಗಾಯವೆಂದರೆ ಹೆಪ್ಪುಗಟ್ಟುವುದು ರಕ್ತದ ಸ್ವಭಾವ. ಆಮೇಲೆ ಎರಡನೆಯ ಚಿತ್ರ ತೋರಿಸಿದರು: ಕಾಲಿನಿಂದ ತೆಗೆದ ನಾಳ ಸಿಟ್ಟುಗೊಂಡು ಕುಗ್ಗಿದಾಗ, ಅದನ್ನು ಹಿಗ್ಗಿಸಲೆಂದು ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಏನಾಗುತ್ತದೆ ಎಂದು. ಪೊರೆ ಅಲ್ಲಲ್ಲಿ ಕಿತ್ತು ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಹೊರಗಿನಿಂದ ನೋಡಿದರೆ ನಾಳ ಚೆಂದಕ್ಕೆ ಉಬ್ಬಿ ಹೊಳೆಯುತ್ತದೆ, ನೋಡಿದವರು ಶಹಬ್ಬಾಸ್ ಎನ್ನಬೇಕು, ಒಳಗೆ ಸರ್ವನಾಶ. ಅಲ್ಲಿಯವರೆಗೆ ಅವನೂ ಹಾಗೇ ಒತ್ತುತ್ತಿದ್ದ. ಎಲ್ಲರೂ ಒತ್ತುತ್ತಿದ್ದರು.

ಆವತ್ತಿನಿಂದ ಅವನ ಹೆಬ್ಬೆರಳು ಬದಲಾಯಿತು. ಉಪ್ಪುನೀರು ಬಿಟ್ಟು ರೋಗಿಯದೇ ಬೆಚ್ಚಗಿನ ರಕ್ತದಲ್ಲಿ ಸ್ವಲ್ಪ ಔಷಧಿ ಬೆರೆಸಿ, ಒತ್ತಿದೆನೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಬಿಟ್ಟು, ನಾಳ ತಾನಾಗಿ ಸಡಿಲಗೊಳ್ಳುವವರೆಗೆ ಕಾಯುವುದು. ಕಾಯುವುದೇ ಅದರ ಗುಟ್ಟು. ಅವನು ಕೊಟ್ಟ ನಾಳಗಳು ಬಾಳಿಕೆ ಬರುತ್ತವೆ ಎಂದು ಜನ ಹೇಳತೊಡಗಿದರು; ಏಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ, ಖುಷಿಯಿಂದ ಹೇಳುತ್ತಿದ್ದ, ಎಂದು ಅವನು ನಂಬಿದ್ದ. ಹುಡುಗಿಗೆ ಕಲಿಸುವಾಗ ಅದು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಸುಲಭದ ನಾಳಗಳು ಅವಳ ಪಾಲಿಗೆ ಬಂದಾಗ ಒತ್ತುವ ಪ್ರಮೇಯವೇ ಇರಲಿಲ್ಲ. ಕುಗ್ಗಿದ್ದು ಬಂದಾಗ "ಇದನ್ನ ನಾನು ನೋಡ್ಕೋತೀನಿ, ನೀನು ಕಾಲು ಹೊಲಿ" ಎನ್ನುತ್ತಿದ್ದ. ಕುಗ್ಗಿದರೆ ಏನು ಮಾಡಬೇಕು ಎಂದು ಅವಳು ಒಮ್ಮೆ ನೇರವಾಗಿ ಕೇಳಿದ್ದಳು. "ಒತ್ತು, ಬಿಡುತ್ತೆ" ಎಂದಿದ್ದ. ಆ ಎರಡು ಮಾತು ತನ್ನ ಬಾಯಿಂದ ಎಷ್ಟು ಸಲೀಸಾಗಿ ಹೊರಬಿದ್ದವು ಎಂದು ಆಗಲೇ ಅವನಿಗೆ ಆಶ್ಚರ್ಯವಾಗಿತ್ತು. ಅವಳು ತಲೆಯಾಡಿಸಿ ಮನಸ್ಸಿಗೆ ಹಾಕಿಕೊಂಡಳು. ಹೇಳಿಕೊಟ್ಟದ್ದನ್ನು ಮರೆಯುವ ಅಭ್ಯಾಸ ಅವಳಿಗಿರಲಿಲ್ಲ.

"ಡಾಕ್ಟ್ರೇ, ನೀವೇ ಅಲ್ವಾ ಕಾಲಿನವರು?"

ಕಂಡಕ್ಟರನ ಹೆಂಡತಿ. ಕೈಯಲ್ಲಿ ಖಾಲಿ ಫ್ಲಾಸ್ಕು ಹಿಡಿದು ಮೇಜಿನ ಪಕ್ಕ ನಿಂತಿದ್ದಳು. ಬೆಳಿಗ್ಗೆ ಆಪರೇಷನ್ ಆದವನು ಅವಳ ಗಂಡ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು, ದಪ್ಪ ಗಂಟಲಿನ ಮಾತುಗಾರ. ನಿನ್ನೆ ವಾರ್ಡಿನಲ್ಲಿ ಅವನ ಕಾಲಿಗೆ ಗುರುತು ಹಾಕಲು ಹೋದಾಗ, "ಕಾಲಿನ ನರ ಎದೆಗೆ ಹಾಕ್ತೀರಂತೆ? ಹಾಗಾದ್ರೆ ಇನ್ಮೇಲೆ ನಾನು ಎದೇಲೇ ನಡೀಬಹುದು ಅನ್ನಿ!" ಎಂದು ಇಡೀ ವಾರ್ಡನ್ನು ನಗಿಸಿದ್ದ. ಆಮೇಲೆ ದನಿ ತಗ್ಗಿಸಿ, "ದೊಡ್ಡ ಡಾಕ್ಟ್ರು ಬಂದ್ರು, ಹೋದ್ರು, ನನ್ನ ಮುಖ ನೋಡ್ಲಿಲ್ಲ. ನೀವೊಬ್ರೇ ಕೂತ್ಕೊಂಡಿದ್ದು. ನಿಮ್ಮ ಕೈಯಲ್ಲೇ ನಾನಿರೋದು ಅಂತ ಲೆಕ್ಕ" ಎಂದಿದ್ದ. ಅವನಿಗೆ ಅದು ಹಿತವಾಗಿತ್ತು.

"ಅವರು ಹೇಗಿದ್ದಾರೆ? ಒಳಗೆ ಬಿಡ್ತಾ ಇಲ್ಲ," ಎಂದಳು ಹೆಂಡತಿ.

"ಆಪರೇಷನ್ ಚೆನ್ನಾಗಿ ಆಯ್ತು. ಐಸಿಯುಗೆ ಕರ್ಕೊಂಡು ಹೋಗಿದ್ದಾರೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಮಾತು ಮುಗಿಯಿತೆಂದು ಅವಳು ಹೊರಟೂ ಇದ್ದಳು. ಅವನು ಕರೆದು ಕೂರಿಸಿದ. ಯಾಕೆ ಕೂರಿಸಿದ ಎಂದು ಅವನಿಗೆ ಆ ಕ್ಷಣ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದ. "ನೋಡಮ್ಮ, ಒಂದು ವಿಷಯ. ಅವರ ರಕ್ತನಾಳಗಳೇ ಅಷ್ಟು ಸರಿಯಿಲ್ಲ. ನಾಳದ ಒಳಗೆ ಒಂದು ಪೊರೆ ಇರುತ್ತೆ. ಆರೋಗ್ಯವಾಗಿದ್ರೆ ಅದು ಜಾರುಬಂಡೆ ಹಾಗೆ ನುಣುಪಾಗಿರುತ್ತೆ, ರಕ್ತ ಎಲ್ಲೂ ನಿಲ್ಲಲ್ಲ. ಸಕ್ಕರೆ ಕಾಯಿಲೆ, ಸಿಗರೇಟು, ಬಿಪಿ ಇವೆಲ್ಲ ಅದನ್ನ ದಿನಾ ಸ್ವಲ್ಪ ಸ್ವಲ್ಪ ಕೆರೀತವೆ. ಆಮೇಲೆ ಅದು ಅಂಟಂಟಾಗುತ್ತೆ. ಕೊಬ್ಬು ಹಿಡ್ಕೊಳ್ಳುತ್ತೆ, ರಕ್ತ ಕಟ್ಕೊಳ್ಳುತ್ತೆ. ನಾವು ಎಷ್ಟೇ ಚೆನ್ನಾಗಿ ಮಾಡಿದ್ರೂ, ಒಳಗಿನ ಸರಕು ಹಾಗಿದ್ರೆ..." ಅವನ ದನಿ ಮೃದುವಾಗಿತ್ತು, ತಾಳ್ಮೆಯಿತ್ತು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅವಳು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡಳು. "ಸಿಗರೇಟು ಬಿಡಿ ಅಂತ ನಾನು ಜಗಳ ಆಡದ ದಿನ ಇಲ್ಲ," ಎಂದಳು. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಆದ್ರೆ ಚಹಾಕ್ಕೆ ಸಕ್ಕರೆ ನಾನೇ ಹಾಕಿ ಕೊಡ್ತಿದ್ದೆ. ಸಪ್ಪೆ ಕೊಟ್ರೆ ಮುಖ ಬಾಡಿಸ್ತಿದ್ರು. ಅದನ್ನ ನೋಡೋಕಾಗ್ದೆ ಒಂದು ಚಮಚ ಹಾಕ್ಬಿಡ್ತಿದ್ದೆ. ದಿನಾ. ಅದರಿಂದಲೂ ಹಾಗಾಗಿರುತ್ತಾ ಡಾಕ್ಟ್ರೇ?" ಎಂದು ಅವನ ಮುಖ ನೋಡಿದಳು. ಇಲ್ಲಮ್ಮ ಎನ್ನಲು ಎಷ್ಟು ಹೊತ್ತು ಬೇಕು? ಒಂದು ಚಮಚದಿಂದ ಏನೂ ಆಗಲ್ಲ, ಹೋಗಿ ಏನಾದರೂ ತಿನ್ನಿ ಎನ್ನಬಹುದಿತ್ತು. ಅವನು ಬನ್ನಿನ ಪುಡಿಯನ್ನು ಬೆರಳಿನಿಂದ ಗುಡ್ಡೆ ಮಾಡುತ್ತ, "ಎಲ್ಲ ಸೇರಿ ಆಗೋದು ಇದು," ಎಂದ. ಅವಳ ಕಣ್ಣು ತುಂಬಿತು. ಎದ್ದು ಕೈಮುಗಿದು, ನಿಮ್ಮಂಥವರು ಬಿಡಿಸಿ ಹೇಳೋದೇ ಹೆಚ್ಚು ಎಂದು ಹೊರಟುಹೋದಳು. ಈ ಹೆಂಗಸಿಗೆ ಈಗ ಬದುಕಿರುವಷ್ಟು ದಿನ ತನ್ನನ್ನೇ ದೂರಿಕೊಳ್ಳಲು ಒಂದು ಚಮಚ ಸಕ್ಕರೆ ಸಾಕು ಎಂದು ಅವನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯ ಜೊತೆಯಲ್ಲೇ, ಸದ್ಯ, ಒಂದು ಕಡೆ ಬಂದೋಬಸ್ತಾಯಿತು ಎಂಬ ನಿರಾಳವೂ ಆಯಿತು.

ಯಾಕೆಂದರೆ ಬೆಳಿಗ್ಗೆ ನಡೆದದ್ದು ಇಷ್ಟು. ಕಂಡಕ್ಟರನ ನಾಳ ಕೈ ಸೋಕಿದ ಕೂಡಲೆ ಕುಗ್ಗಿ ದಾರದಷ್ಟಾಗಿತ್ತು. ನಲ್ಲಿಯ ಪಕ್ಕದ ಮಾತು ಕೇಳಿ ಬಂದವನು, ಯಾವತ್ತೂ ಹೇಳುವ ಹಾಗೆ ಇದನ್ನು ನಾನು ನೋಡ್ಕೋತೀನಿ ಎನ್ನಲಿಲ್ಲ. "ನೀನೇ ಮಾಡು," ಎಂದ. "ಇನ್ಮೇಲೆ ಎಲ್ಲ ನೀನೇ ತಾನೆ." ಹುಡುಗಿಯ ಕಣ್ಣು ಮುಖಗವಸಿನ ಮೇಲೆ ಮಿನುಗಿತು, ಅವನ ದನಿಯಲ್ಲಿದ್ದದ್ದನ್ನು ಅವಳು ಪ್ರೀತಿ ಎಂದುಕೊಂಡಳು. ಅವನು ಕಾಲು ಹೊಲಿಯಲು ಬಗ್ಗಿದ. ಮೇಲಿನಿಂದ ದೊಡ್ಡವರು, "ವೇನು ಎಲ್ರೀ? ನಾನಿಲ್ಲಿ ಎದೆ ತೆರ್ಕೊಂಡು ಭಜನೆ ಮಾಡ್ಲಾ?" ಎಂದು ಕೂಗಿದರು. ಅವಳು ಸಿರಿಂಜಿಗೆ ಉಪ್ಪುನೀರು ಎಳೆದಳು. ತುದಿಯನ್ನು ನಾಳದ ಬಾಯಿಗೆ ಸಿಕ್ಕಿಸಿದಳು. ಹೆಬ್ಬೆರಳಿಟ್ಟಳು. ಅವನು ಸೂಜಿ ಚುಚ್ಚುತ್ತಿದ್ದ ಹಾಗೇ ಓರೆಗಣ್ಣಿನಲ್ಲಿ ನೋಡುತ್ತಿದ್ದ. ನಾಳ ಹಟ ಹಿಡಿಯಿತು, ಅವಳ ಉಗುರು ಬಿಳಿಚಿತು, ಇನ್ನೂ ಒತ್ತಿದಳು, ಆಮೇಲೆ ಒಳಗೆ ಏನೋ ಸೋತ ಹಾಗೆ ನಾಳ ತಟ್ಟನೆ ಉಬ್ಬಿ ಬೆಳಕಿಗೆ ಪಳಪಳ ಹೊಳೆಯಿತು. ಅವಳು ಅವನತ್ತ ತಿರುಗಿ ನೋಡಿದಳು. ಸರಿ ತಾನೆ ಎಂದು ಕಣ್ಣಲ್ಲೇ ಕೇಳಿದಳು. ಇನ್ನೊಂದು ಕಾಲಿತ್ತು. ಬೇಡ, ಇದನ್ನು ಬಿಸಾಡು, ಆ ಕಾಲಿನಿಂದ ತೆಗೆಯೋಣ ಎಂದಿದ್ದರೆ ದೊಡ್ಡವರಿಂದ ನಾಲ್ಕು ಬೈಗುಳ, ಸ್ವಲ್ಪ ತಡ, ಅಷ್ಟೆ. ಅವನು ತಲೆಯಾಡಿಸಿದ. ಹೌದೆಂದು. ಅವಳು ಬಟ್ಟಲನ್ನು ಮೇಲೆ ಕೊಟ್ಟಳು. ದೊಡ್ಡವರು ನಾಳವನ್ನು ಎತ್ತಿ ನೋಡಿ, "ಬ್ಯೂಟಿಫುಲ್," ಎಂದರು.

ಐಸಿಯುವಿನಿಂದ ಕರೆ ಬಂದಾಗ ಅವನು ಕೈ ತೊಳೆಯುತ್ತಿದ್ದ. ಹೋಗುವಷ್ಟರಲ್ಲಿ ಹುಡುಗಿ ಮಂಚದ ಪಕ್ಕ ನಿಂತಿದ್ದಳು. ಕಂಡಕ್ಟರ್ ಬಾಯಲ್ಲಿ ಕೊಳವೆ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದೆ ಮಲಗಿದ್ದ. ಮಾನಿಟರಿನ ಗೆರೆ ಏರಬಾರದ ಕಡೆ ಏರಿತ್ತು, ರಕ್ತದೊತ್ತಡ ಇಳಿಯುತ್ತಿತ್ತು. ಹೃದಯದ ಒಂದು ಭಾಗಕ್ಕೆ ರಕ್ತ ಹೋಗುತ್ತಿಲ್ಲ ಎಂದು ಓದುಬರಹ ಬಾರದವರಿಗೂ ಅರ್ಥವಾಗುವಂತಿತ್ತು. "ಸರ್, ಹೊಸ ವೇನು ಕಟ್ಟಿಕೊಂಡಿರಬಹುದಾ?" ಹುಡುಗಿಯ ದನಿ ಒಡೆದಿತ್ತು. ಅವನು ಮಾನಿಟರನ್ನೇ ನೋಡುತ್ತ ನಿಂತ. ಅವನೊಳಗೆ ಮಲಗಿದ್ದ ಬೆಕ್ಕು ಎದ್ದು ಕೂತಿತ್ತು. ಒಬ್ಬ ಮನುಷ್ಯ ಸಾಯಲಿ ಎಂದು ಅವನು ಯಾವತ್ತೂ ಬಯಸಿರಲಿಲ್ಲ; ಬಯಸಿದ್ದು ಅವಳು ಒಂದು ಸಲ, ಎಲ್ಲರ ಮುಂದೆ, ಸಣ್ಣದಾಗಿ ಎಡವಲಿ ಎಂದು ಮಾತ್ರ. ಎಡವುವುದಕ್ಕೆ ಬೇರೆ ಕಲ್ಲೇ ಇರಲಿಲ್ಲವೇ? ಈಗ ಹೇಳಿಬಿಡಬೇಕು ಎನ್ನಿಸಿತು. ಹೇಳುವುದೇನನ್ನು? ನನಗೆ ಗೊತ್ತಿತ್ತು ಎಂದೇ? ಆ ಎರಡು ಪದದ ವಾಕ್ಯವನ್ನು ಅವನು ಮನಸ್ಸಿನಲ್ಲಿ ಒಂದು ಸಲ ಪೂರ್ತಿ ಹೇಳಿ ನೋಡಿದ. ದೊಡ್ಡವರ ಮುಖ, ನರ್ಸುಗಳ ಮುಖ, ಕೊನೆಗೆ ಯಾಕೋ ಬಾಮೈದನ ಮುಖ ಕಾಣಿಸಿತು. "ದೊಡ್ಡವರಿಗೆ ಫೋನ್ ಮಾಡು," ಎಂದ. "ಮಾಡಿದೀನಿ ಸರ್. ಬರ್ತಿದ್ದಾರೆ. ಥಿಯೇಟರ್ ರೆಡಿ ಮಾಡೋಕೆ ಹೇಳಿದ್ರು." ಅವಳು ಎಲ್ಲವನ್ನೂ ಆಗಲೇ ಮಾಡಿಯಾಗಿತ್ತು. ಅದಕ್ಕೂ ಅವನಿಗೆ ಒಂದು ಚೂರು ಸಿಟ್ಟು ಬಂತು.

ಮತ್ತೆ ಅದೇ ಥಿಯೇಟರು, ಅದೇ ದೀಪ. ನೆಲ ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ. ಎದೆಮೂಳೆ ಕೂಡಿಸಲು ಬೆಳಿಗ್ಗೆ ಹಾಕಿದ ತಂತಿಗಳನ್ನು ಕತ್ತರಿಸಿ ದೊಡ್ಡವರು ಎದೆಯನ್ನು ಮತ್ತೆ ತೆರೆದರು. ಹೊಸ ನಾಳ ಮಿಡಿಯದೆ, ನೀಲಿಗಟ್ಟಿ, ಹೃದಯದ ಮೇಲೆ ಸತ್ತ ಎರೆಹುಳುವಿನಂತೆ ಬಿದ್ದಿತ್ತು. ಕತ್ತರಿ ಹಾಕಿದಾಗ ಒಳಗಿನಿಂದ ಗಟ್ಟಿಯಾದ ಕಪ್ಪು ರಕ್ತ ಇಡಿಯಾಗಿ ಹೊರಬಂತು. ದೊಡ್ಡವರು ಅದನ್ನು ಇಕ್ಕಳದಲ್ಲಿ ಎತ್ತಿ ದೀಪಕ್ಕೆ ಹಿಡಿದರು. "ಬೆಳಿಗ್ಗೆ ಈ ವೇನು ಯಾರು ರೆಡಿ ಮಾಡಿದ್ದು?"

"ನಾನು ಸರ್," ಎಂದಳು ಹುಡುಗಿ. ಒಂದು ಕ್ಷಣವೂ ತಡಮಾಡಲಿಲ್ಲ.

"ಏನ್ ಮಾಡ್ದೆ ಇದಕ್ಕೆ? ಬಟ್ಟೆ ಹಿಂಡಿದ ಹಾಗೆ ಹಿಂಡಿದ್ಯಾ?"

"ಇಲ್ಲ ಸರ್. ಕುಗ್ಗಿತ್ತು, ಒತ್ತಿ ಬಿಡಿಸ್ದೆ. ಯಾವಾಗ್ಲೂ ಮಾಡೋ ಹಾಗೇ..." ಅವಳು ಅವನ ಕಡೆ ತಿರುಗಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ಬರೀ ನಂಬಿಕೆ ಇತ್ತು. ಅಪ್ಪನ ಕೈ ಹಿಡಿದುಕೊಂಡು ಜನಜಂಗುಳಿಯಲ್ಲಿ ನಿಂತ ಮಗುವಿನ ನೋಟ. "ಸರ್ ನೋಡ್ತಿದ್ರು. ಸರಿಯಾಗೇ ಇತ್ತಲ್ವಾ ಸರ್?"

ಎಲ್ಲರೂ ಅವನತ್ತ ನೋಡಿದರು. ಇಷ್ಟು ವರ್ಷದಲ್ಲಿ ಆ ಕೋಣೆಯ ಅಷ್ಟೂ ಕಣ್ಣುಗಳು ಒಟ್ಟಿಗೆ ಅವನ ಮೇಲೆ ಬಿದ್ದದ್ದು ಅದೇ ಮೊದಲು. "ನಾನು ಕಾಲು ಹೊಲೀತಿದ್ದೆ," ಎಂದ. "ಸರಿಯಾಗಿ ನೋಡ್ಲಿಲ್ಲ."

ಹುಡುಗಿಯ ಕಣ್ಣು ಕೆಳಗಿಳಿಯಿತು. ಬೆಳಿಗ್ಗೆ ಸರ್ ತಲೆಯಾಡಿಸಿದ್ದು ತನಗೆ ಹಾಗೆ ಅನ್ನಿಸಿದ್ದಷ್ಟೇ ಇರಬೇಕು ಎಂದುಕೊಂಡಳೋ ಏನೋ. "ನಿನ್ನನ್ನ ಮೇಲೆ ತರೋಣ ಅಂತಿದ್ದೆ ನಾನು," ಎಂದರು ದೊಡ್ಡವರು, ಬೈಗುಳಕ್ಕಿಂತ ಕೆಟ್ಟದಾದ ಒಂದು ಶಾಂತಿಯಲ್ಲಿ. "ಮೊದಲು ಕೆಳಗಿಂದು ಕಲಿ. ಕಾಲು ಹಿಡ್ಕೊಂಡು ನಿಲ್ಲು, ಬೇರೇನೂ ಮುಟ್ಬೇಡ. ಏನಯ್ಯಾ, ಈ ಸಲ ನೀನೇ ತೆಗಿ. ಇದೊಂದೇ ಇರೋದು ಇವನಿಗೆ, ಇದೂ ಹೋದ್ರೆ ಬೇರೆ ವೇನಿಲ್ಲ, ಹಾರ್ಟೂ ತಡ್ಕೊಳಲ್ಲ. ಹುಷಾರು." ಬಯಸಿದ್ದೆಲ್ಲ ಬಯಸಿದ ಹಾಗೇ, ಒಂದು ಚೂರೂ ಆಚೀಚೆ ಆಗದೆ, ಅವನ ಕಾಲಬುಡಕ್ಕೆ ಬಂದು ಬಿದ್ದಿತ್ತು. ಅವನು ಚಾಕುವಿಗೆ ಕೈ ಚಾಚಿದ.

ಇನ್ನೊಂದು ಕಾಲನ್ನು ಅವನು ಚೆನ್ನಾಗಿಯೇ ತೆರೆದ. ಕೈಗೆ ಅದು ಬಾಯಿಪಾಠ. ಚರ್ಮದ ಕೆಳಗಿನ ಹಳದಿ ಕೊಬ್ಬನ್ನು ಬಿಡಿಸುತ್ತ ಹೋದ ಹಾಗೆ ಮನಸ್ಸು ತಿಳಿಯಾಯಿತು. ಈ ಮನುಷ್ಯನನ್ನು ಉಳಿಸಬಹುದು. ಬೆಚ್ಚಗಿನ ರಕ್ತ, ಔಷಧಿ, ಮೆಲ್ಲಗೆ, ಕಾಯುವುದು. ಉಳಿಸಿಬಿಟ್ಟರೆ ಬೆಳಗಿನದು ಇರಲೇ ಇಲ್ಲವೆಂಬಂತೆ ಒರೆಸಿಹೋಗುತ್ತದೆ. ಹೊರಗೆ ಹೋಗಿ ಕಂಡಕ್ಟರನ ಹೆಂಡತಿಗೆ, ಸಕ್ಕರೆಯಿಂದೇನೂ ಆಗಿಲ್ಲಮ್ಮ ಎಂದು ಹೇಳಿಬರಬಹುದು. ಕೊನೆಯ ಕವಲನ್ನು ಕಟ್ಟಿ, ನಾಳವನ್ನು ಎತ್ತಿ ಬಟ್ಟಲಿಗೆ ಹಾಕಿದ. ಹಾಕಿದ ಕೂಡಲೆ ಅದು ಕುಗ್ಗಿತು, ಮೊದಲನೆಯದರ ಹಾಗೇ. ಅವನು ಸಿಸ್ಟರ್ ಎಂದು ಬಾಯಿ ತೆರೆದ, ರಕ್ತ ಕೇಳಲಿಕ್ಕೆ. ಆಗ ನೋಡಿದ: ಹುಡುಗಿ ಕಾಲು ಹಿಡಿದುಕೊಂಡೇ ಮುಂದಕ್ಕೆ ಬಗ್ಗಿದ್ದಳು. ಅವಳ ಕಣ್ಣು ಅವನ ಬಲಗೈ ಹೆಬ್ಬೆರಳಿನ ಮೇಲೆ ನೆಟ್ಟಿತ್ತು.

"ಅಲ್ಲಿ ದೀಪ ಸರಿಯಿಲ್ಲ, ಆ ಕಡೆ ಬಂದು ಹಿಡ್ಕೋ," ಎಂದ.

"ದೀಪ ಇಲ್ಲೇ ಇದೆ ಸರ್. ಇಲ್ಲಿಂದ್ಲೇ ಚೆನ್ನಾಗಿ ಕಾಣ್ಸುತ್ತೆ."

"ಹೊರಗೆ ಹೋಗಿ ಸಣ್ಣ ಸಿರಿಂಜು ತಗೊಂಡು ಬಾ."

"ಇಲ್ಲೇ ಇದೆಯಲ್ಲ ಡಾಕ್ಟ್ರೇ," ಎಂದು ನರ್ಸು ತಟ್ಟೆ ಮುಂದೆ ಹಿಡಿದಳು. ಯಾರೋ ನಕ್ಕರು, ವಯಸ್ಸಾಯ್ತು ಪಾಪ ಎನ್ನುವ ನಗು. ಹುಡುಗಿ ಕದಲಲಿಲ್ಲ. ತಾನು ತಪ್ಪಿದ್ದು ಎಲ್ಲಿ ಎಂದು ಕಂಡುಹಿಡಿಯದೆ ಅವಳು ಇವತ್ತು ಆ ಕೋಣೆಯಿಂದ ಹೊರಗೆ ಹೋಗುವವಳಲ್ಲ. ರಕ್ತ ಕೇಳಿದರೆ ಸಾಕು, ಉಪ್ಪುನೀರು ಯಾಕೆ ಬೇಡ ಸರ್ ಎನ್ನುತ್ತಾಳೆ. ಹೆಬ್ಬೆರಳು ಸುಮ್ಮನೆ ಕಾದರೆ ಸಾಕು, ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ಮಂದಬುದ್ಧಿಯವಳನ್ನು ದೊಡ್ಡವರು ಆರಿಸುತ್ತಿದ್ದರೇ? ಒತ್ತು, ಬಿಡುತ್ತೆ ಎಂದು ನನಗೆ ಹೇಳಿದ್ದಿರಲ್ಲ ಸರ್ ಎಂದು ಅವಳು ಗಟ್ಟಿಯಾಗಿ, ಮುಗ್ಧವಾಗಿ, ಎಲ್ಲರಿಗೂ ಕೇಳುವಂತೆ ಕೇಳುತ್ತಾಳೆ. ಆಮೇಲೆ ಆ ನಂಬಿಕೆಯ ನೋಟ ಅವಳ ಕಣ್ಣಿನಿಂದ ಹೋಗುತ್ತದೆ. ಈ ಆಸ್ಪತ್ರೆಯಲ್ಲಿ, ಮನೆಯಲ್ಲಿ, ಇಡೀ ಲೋಕದಲ್ಲಿ ಅವನನ್ನು ಹಾಗೆ ನೋಡುವ ಕಣ್ಣು ಅದೊಂದೇ ಎಂದು ಅವನಿಗೆ ಈಗ, ಇಷ್ಟು ಹೊತ್ತಲ್ಲದ ಹೊತ್ತಿನಲ್ಲಿ, ಹೊಳೆಯಿತು. ಮೇಲೆ ದೊಡ್ಡವರು "ಆಯ್ತೇನಯ್ಯಾ?" ಎಂದರು. ಹಿಂದೆ ಎಲ್ಲರೂ ಒತ್ತುತ್ತಿದ್ದರಲ್ಲ, ಅವನೂ ಒತ್ತಿದ್ದನಲ್ಲ. ಆಗಿನವರೆಲ್ಲ ಸತ್ತೇ ಹೋದರೇನು? ಎಷ್ಟೋ ಜನ ಮನೆಗೆ ಹೋದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಎಲ್ಲ ನಾಳವೂ ಕಟ್ಟಿಕೊಳ್ಳುವುದಿಲ್ಲ. ಇವನದೂ ಕಟ್ಟಿಕೊಳ್ಳದೆ ಇರಬಹುದು. ಇರಬಹುದಲ್ಲ.

ಅವನು ಉಪ್ಪುನೀರನ್ನು ಎಳೆದ. ಸಿರಿಂಜಿನ ತುದಿಯನ್ನು ನಾಳದ ಬಾಯಿಗೆ ಇಟ್ಟು, ಅವಳಿಗೆ ಕಾಣುವ ಹಾಗೆ ಕೈಯನ್ನು ಸ್ವಲ್ಪ ತಿರುಗಿಸಿದ. ಹೆಬ್ಬೆರಳು ಮೊದಲು ಒಪ್ಪಲಿಲ್ಲ. ಎಷ್ಟೋ ವರ್ಷ ಮೆಲ್ಲಗೆ ಬದುಕಿದ ಹೆಬ್ಬೆರಳು ತಾನಾಗಿ ಸಡಿಲವಾಯಿತು. ಅವನು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಬಲ ಕೊಟ್ಟ. ಉಗುರು ಬಿಳಿಚಿತು. ನಾಳ ಹಟ ಹಿಡಿಯಿತು. ಅವನು ಇನ್ನೂ ಒತ್ತಿದ. ಅದು ಒಳಗೊಳಗೇ ಬಿಟ್ಟುಕೊಟ್ಟದ್ದು ಬೆರಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಪರದೆಯ ಮೇಲಿನ ಆ ಎರಡನೆಯ ಚಿತ್ರ, ಅದರ ಸುರುಳಿ ಸುರುಳಿಯೂ, ಕಣ್ಣ ಮುಂದೆ ಬಂತು. ನಾಳ ಉದ್ದಕ್ಕೂ ಉಬ್ಬಿ ನಿಂತು ದೀಪದ ಕೆಳಗೆ ಹೊಳೆಯಿತು. ಎಲ್ಲಿಯೂ ಒಂದು ತೊಟ್ಟು ಸೋರಲಿಲ್ಲ.

ಹುಡುಗಿ ಹಿಡಿದಿದ್ದ ಉಸಿರನ್ನು ಬಿಟ್ಟಳು. "ಇಷ್ಟೇ ಜೋರಾಗಿ ಅಲ್ವಾ ಸರ್?" ಎಂದಳು, ಮೇಲಿನವರಿಗೆ ಕೇಳದಷ್ಟು ಸಣ್ಣಗೆ. "ನಾನೂ ಇಷ್ಟೇ ಒತ್ತಿದ್ದು. ಇದಕ್ಕಿಂತ ಒಂಚೂರೂ ಜಾಸ್ತಿ ಇಲ್ಲ."

"ಇಷ್ಟೇ."

"ಹಾಗಾದ್ರೆ ನನ್ನ ತಪ್ಪಲ್ಲ ಅಲ್ವಾ ಸರ್?"

"ಅಲ್ಲಮ್ಮ," ಎಂದ ಅವನು. ಇಡೀ ದಿನದಲ್ಲಿ ಅವನ ಬಾಯಿಂದ ಅಷ್ಟು ಮೆತ್ತಗೆ ಬಂದ ಮಾತು ಇನ್ನೊಂದಿಲ್ಲ. "ನಿನ್ನದೇನೂ ತಪ್ಪಿಲ್ಲ. ಅವರ ನಾಳವೇ ಹಾಗೆ."

ಅವಳ ಕಣ್ಣಿಂದ ನೀರು ಇಳಿದು ಮುಖಗವಸಿನ ಅಂಚನ್ನು ಒದ್ದೆ ಮಾಡಿತು. ಕೈಗಳು ಕಾಲನ್ನು ಹಿಡಿದಿದ್ದರಿಂದ ಒರೆಸಿಕೊಳ್ಳಲಾಗದೆ ಭುಜಕ್ಕೆ ಕೆನ್ನೆ ಉಜ್ಜಿದಳು. "ಥ್ಯಾಂಕ್ಸ್ ಸರ್," ಎಂದಳು. "ನೀವಿಲ್ದೇ ಇದ್ದಿದ್ರೆ ನಾನು ಇವತ್ತೇ ಕೆಲಸ ಬಿಟ್ಟು ಹೋಗ್ಬಿಡ್ತಿದ್ದೆ."

"ವೇನು ಕೊಡ್ರಯ್ಯಾ," ಎಂದರು ದೊಡ್ಡವರು. ನರ್ಸು ಬಟ್ಟಲನ್ನು ಎತ್ತಿ ಎದೆಯ ಕಡೆಗೆ ದಾಟಿಸಿದಳು. ಮೇಲಿನಿಂದ, "ಆಹಾ, ನೋಡಿ ಕಲೀರಿ, ಇದಕ್ಕೇ ಹಳೇ ಕೈ ಅನ್ನೋದು," ಎಂಬ ಮಾತು ಕೇಳಿಸಿತು. ಹುಡುಗಿ ಅವನನ್ನು ನೋಡಿ ಹೆಮ್ಮೆಯಿಂದ ಕಣ್ಣಲ್ಲೇ ನಕ್ಕಳು. ಅವನು ಸೂಜಿ ಕೇಳಿ ತೆಗೆದುಕೊಂಡು, ತಲೆ ಬಗ್ಗಿಸಿ, ಕಂಡಕ್ಟರನ ಕಾಲನ್ನು ಹೊಲಿಯತೊಡಗಿದ.